ಏರಿ ಮೇಲಿನ ಸರ್ಟಿಫಿಕೇಟು

ನಮ್ಮೂರಿನ ಕೆರೆಗೆ ಓದುವ ಚಟ. ಈ ದಂಡೆಯ ಅಂಗಡಿಯಿಂದ ಆ ದಂಡೆಯ ಆಫೀಸಿಗೆ ಯಾರಾದರೂ ಕಂಪ್ಯೂಟರಿನಲ್ಲಿ ಒಂದು ಫೈಲು ಕಳಿಸಿದರೆ ಅದು ಕೆರೆಯ ಮೇಲೆಯೇ ಹಾದು ಹೋಗಬೇಕು. ಹೋಗುವಾಗ ಒಳಗೆ ಏನಿದೆಯೋ ಅಷ್ಟೂ ನೀರಿನಲ್ಲಿ ಮೂಡುತ್ತದೆ. ಚಿಕ್ಕ ಫೈಲಾದರೆ ಮೀನು ಮಗುಚಿದಷ್ಟು ಹೊತ್ತು. ಚಿತ್ರಗಿತ್ರ ಇರುವ ದಪ್ಪ ಫೈಲಾದರೆ ನಾವು ಊಟ ಮುಗಿಸಿ ಕೈ ತೊಳೆದು ಬಂದರೂ ಅಲ್ಲೇ ತೇಲುತ್ತಿರುತ್ತದೆ. ಪೆನ್ ಡ್ರೈವಿನಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡು ಏರಿಯ ಮೇಲೆ ನಡೆದು ಹೋದರೂ ಬಿಡುವುದಿಲ್ಲ. ಹೋಗುವವನ ಪಕ್ಕದಲ್ಲೇ ಅವನ ಜೇಬಿನ ಅಕ್ಷರಗಳು ನೀರಿನಲ್ಲಿ ಜೊತೆಜೊತೆಗೆ ಸಾಗುತ್ತವೆ. ಆಡಿದ ಮಾತು ಮಾತ್ರ ಕೆರೆಗೆ ಬೇಕಿಲ್ಲ. ಫೋನಿನಲ್ಲಿ ಎಷ್ಟು ಬೇಕಾದರೂ ಹರಟಬಹುದು.

ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹೊರಗಿನಿಂದ ಬಂದವರು ಕೇಳುತ್ತಾರೆ, ಒಂದು ವಾರ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ, ಆಮೇಲೆ ಅವರೂ ಸಂಜೆ ಕಡಲೆಕಾಯಿ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ಕೂತು ಓದತೊಡಗುತ್ತಾರೆ. ಬಟ್ಟೆ ಒಗೆಯುವ ಹೆಂಗಸರು ಸೋಪು ಉಜ್ಜುತ್ತಲೇ ಯಾರದೋ ಕೊಟೇಶನ್ನು ಓದಿ, ‘ಅಯ್ಯೋ, ಇಷ್ಟಕ್ಕೆ ಒಪ್ಪಿಕೊಂಡ್ರೆ ಮುಳುಗಿದ ಹಾಗೇ’ ಎಂದು ಲೊಚಗುಟ್ಟುತ್ತಾರೆ. ಒಮ್ಮೆ ದರ್ಜಿ ವಾಸಣ್ಣ ತನ್ನ ಸರ್ಟಿಫಿಕೇಟು ಮುಗಿದದ್ದು ಮರೆತು ಗಾರ್ಮೆಂಟಿನವರಿಗೆ ಅಳತೆಯ ಫೈಲು ಕಳಿಸಿಬಿಟ್ಟ. ಊರಿನ ಅರ್ಧಕ್ಕರ್ಧ ಹೆಂಗಸರ ರವಿಕೆಯ ಅಳತೆ ಹೆಸರು ಸಮೇತ ಒಂದು ಇಡೀ ಮಧ್ಯಾಹ್ನ ತಾವರೆ ಎಲೆಗಳ ನಡುವೆ ತೇಲಿತು. ಬಹಳ ದಿನ ಯಾರೂ ನೀರಿಗೆ ಬರಲಿಲ್ಲ. ವಾಸಣ್ಣನಂತೂ ಈಗಲೂ ಮೆಟ್ಟಿಲ ಕಡೆಯಿಂದ ಬರುವುದಿಲ್ಲ, ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಹೋಗುತ್ತಾನೆ.

ಆ ಸರ್ಟಿಫಿಕೇಟು ಕೊಡುವವಳು ನಾನು. ಹೆಸರು ವನಮಾಲಾ, ಊರಿಗೆಲ್ಲ ಮಾಲಕ್ಕ. ಏರಿಯ ಮೇಲೆ ಒಂದು ಹಂಚಿನ ಕೋಣೆ ಇದೆಯಲ್ಲ, ಅದೇ ನನ್ನ ಆಫೀಸು. ನನ್ನ ಸರ್ಟಿಫಿಕೇಟು ಇದ್ದವರ ಫೈಲು ಹಾದು ಹೋಗುವಾಗ ನೀರಿನ ಮೇಲೆ ಬರೀ ಒಂದು ಹಾಲಿನ ಬಣ್ಣದ ಮಂಜು ಎದ್ದು ಹೋಗುತ್ತದೆ, ಅಷ್ಟೇ. ಅಕ್ಷರ ಕಾಣುವುದಿಲ್ಲ. ಆ ದಂಡೆಯವರೂ ಫೈಲು ಬಿಚ್ಚುವ ಮುಂಚೆ ಸರ್ಟಿಫಿಕೇಟಿನಲ್ಲಿರುವ ಹೆಸರು ನೋಡುತ್ತಾರೆ, ಇದು ಇಂಥವರ ಕೈಯಿಂದಲೇ ಬಂದದ್ದು ಎಂದು ನಂಬಿ ಬಿಚ್ಚುತ್ತಾರೆ. ಹಾಗಾಗಿ ಹೆಸರು ಬರೆಯುವ ಮುಂಚೆ ನಾನು ಆ ಹೆಸರಿನವರನ್ನು ನೋಡಲೇಬೇಕು. ನನ್ನ ಹೆಸರಿಗೆ ನಾನೇ ಕೊಟ್ಟುಕೊಳ್ಳುವ ಹಾಗಿಲ್ಲ.

ನೋಡುವುದು ಎಂದರೆ ಹೀಗೆ. ಅರ್ಜಿ ಹಾಕಿದವರು ಕೆರೆಯ ಕೊನೆಯ ಮೆಟ್ಟಿಲಿಗೆ ಇಳಿದು, ತಾನು ಯಾರು, ಏನು ಕೆಲಸ ಮಾಡುತ್ತೇನೆ ಎಂದು ನೀರಿಗೆ ಹೇಳಬೇಕು. ನಿಜವಾದರೆ ಅವರ ನೆರಳು ನೀರಿನಲ್ಲಿ ಮೂಡುತ್ತದೆ. ಸುಳ್ಳಾದರೆ ಅಲ್ಲಿ ಬರೀ ಆಕಾಶ. ನಾನು ಪಕ್ಕದಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಕೂತು, ನೆರಳು ಕಂಡರೆ ಗುಂಡಿ ಒತ್ತುತ್ತೇನೆ. ವರ್ಷಕ್ಕೊಮ್ಮೆ ಎಲ್ಲರೂ ಬಂದು ಹೇಳಿ ಹೋಗಬೇಕು, ಯಾಕೆಂದರೆ ಮನುಷ್ಯರು ಒಂದು ವರ್ಷದಲ್ಲಿ ಏನೇನೋ ಆಗಿಬಿಡುತ್ತಾರೆ. ಹೋದ ವರ್ಷ ‘ನಾನು ವಕೀಲ’ ಎಂದವನ ನೆರಳು ಈ ವರ್ಷ ‘ನಾನು ಜಮೀನು ದಲ್ಲಾಳಿ’ ಎಂದ ಮೇಲೇ ಮೂಡಿದ್ದೂ ಉಂಟು.

ನಾನು ಸುಳ್ಳು ಒತ್ತಬಹುದಲ್ಲ ಎಂದು ನೀವು ಕೇಳಬಹುದು. ಒತ್ತಬಹುದು. ಆ ಹೊತ್ತಿಗೆ ಕೆರೆ ಏನೂ ಅನ್ನುವುದಿಲ್ಲ. ಆದರೆ ವರ್ಷಕ್ಕೊಂದು ಹುಣ್ಣಿಮೆಯ ಬೆಳಿಗ್ಗೆ ವರ್ತಕರೆಲ್ಲರ ಎದುರಿಗೆ ನಾನೂ ಅದೇ ಮೆಟ್ಟಿಲಿಗೆ ಇಳಿಯಬೇಕು. ‘ಕಣ್ಣಾರೆ ಕಂಡದ್ದಕ್ಕಷ್ಟೇ ಒತ್ತಿದ್ದೇನೆ’ ಎನ್ನಬೇಕು. ಮುಖ ತೆರೆದುಕೊಂಡು ನಿಲ್ಲಬೇಕು, ಕನ್ನಡಕವಾಗಲಿ ತಲೆಯ ಮೇಲೆ ಸೆರಗಾಗಲಿ ಇರಬಾರದು. ನನ್ನ ನೆರಳು ಮೂಡದಿದ್ದರೆ ನಾನು ಕೊಟ್ಟ ಅಷ್ಟೂ ಸರ್ಟಿಫಿಕೇಟು ಅಲ್ಲೇ ಸತ್ತಂತೆ. ನನಗಿಂತ ಮುಂಚೆ ಇದ್ದ ಸಂಪಂಗಿರಾಮಯ್ಯ ಅಳಿಯನಿಗೆಂದು ಒಂದೇ ಒಂದು ಒತ್ತಿದರಂತೆ. ಆ ಹುಣ್ಣಿಮೆಗೆ ಊರಿನ ಅಷ್ಟೂ ಗುಟ್ಟು ಒಟ್ಟಿಗೆ ನೀರಿಗೆ ಬಂತು. ಮುರಿದ ಪಾಲುದಾರಿಕೆಗಳು, ತಪ್ಪಿದ ಮದುವೆಗಳು; ಇವತ್ತಿಗೂ ಮಾತಾಡದ ಅಣ್ಣತಮ್ಮಂದಿರು ಇದ್ದಾರೆ.

ಇನ್ನು ನನ್ನ ಗುಟ್ಟು. ನನ್ನ ಎಡಗಣ್ಣು ನನ್ನದಲ್ಲ. ಚಿಕ್ಕವಳಿದ್ದಾಗ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು ಹೋಯಿತು. ಅಮ್ಮ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇನ್ನಾಸಪ್ಪನವರ ಹತ್ತಿರ ಕರೆದುಕೊಂಡು ಹೋದಳು. ಇನ್ನಾಸಪ್ಪ ಕಣ್ಣು ಬರೆಯುವವರು. ಗಿರಾಕಿಯ ಒಳ್ಳೆಯ ಕಣ್ಣನ್ನು ಕಿಟಕಿಯ ಬೆಳಕಿನಲ್ಲಿ ಗಂಟೆಗಟ್ಟಲೆ ನೋಡಿ, ಸಣ್ಣ ಕುಂಚದಲ್ಲಿ ಅದರ ಜೋಡಿಯನ್ನು ಬರೆಯುತ್ತಾರೆ. ಆ ಚಿತ್ರ ಫೈಲಾಗಿ ಆ ದಂಡೆಯ ಅಚ್ಚಿನ ಮನೆಗೆ ಹೋಗುತ್ತದೆ, ಅಲ್ಲಿಂದ ಗಾಜಿನ ಕಣ್ಣಾಗಿ ಬರುತ್ತದೆ. ನಾನು ಬೆಳೆದಂತೆ ನನ್ನ ಕಣ್ಣನ್ನೂ ಅವರು ಬೆಳೆಸಿಕೊಟ್ಟರು. ಅಮ್ಮ ಹೋದ ಮೇಲೆ ಈ ವಿಷಯ ಗೊತ್ತಿದ್ದದ್ದು ಅವರಿಗೆ, ಅವರ ಹೆಂಡತಿ ಲೂರ್ದಮ್ಮನಿಗೆ, ಆ ದಂಡೆಯ ಅಚ್ಚಿನ ಮನೆಯವರಿಗೆ, ನನಗೆ. ಪ್ರಮಾಣದಲ್ಲಿ ಕಣ್ಣಾರೆ ಎನ್ನುತ್ತೇನೆ, ಎಷ್ಟು ಕಣ್ಣು ಎಂದು ಕೆರೆ ಯಾವತ್ತೂ ಕೇಳಲಿಲ್ಲ. ಆದರೆ ವರ್ತಕರು ಕೇಳುತ್ತಾರೆ. ನೋಡುವುದೇ ಕೆಲಸವಾದವಳಿಗೆ ಒಂದು ಕಣ್ಣು ಗಾಜು ಎಂದು ಗೊತ್ತಾದರೆ ಯಾರು ನಂಬುತ್ತಾರೆ ಎಂಬ ಹೆದರಿಕೆ ನನ್ನ ಜೊತೆಯಲ್ಲೇ ಬೆಳೆದಿತ್ತು.

ಈ ಸಲ ಹುಣ್ಣಿಮೆ ಹತ್ತಿರ ಬರುತ್ತಿದ್ದ ಹಾಗೆ ಆ ಕಣ್ಣು ಬಚ್ಚಲಲ್ಲಿ ಕೈಜಾರಿ ಬಿದ್ದು ಒಡೆದುಹೋಯಿತು. ನಾನು ಕರಿ ಕನ್ನಡಕ ಹಾಕಿಕೊಂಡು, ಕಣ್ಣುಬೇನೆ ಬಂದಿದೆ ಎಂದು ಸುದ್ದಿ ಹಬ್ಬಿಸಿದೆ. ಅದು ಒಳ್ಳೆಯದೇ ಆಯಿತು. ಸೊಪ್ಪಿನವಳು ಸಹ ದೂರದಿಂದಲೇ ಸೊಪ್ಪು ಎಸೆದು ಓಡುತ್ತಿದ್ದಳು. ಇನ್ನಾಸಪ್ಪನವರ ಮನೆಗೆ ಹೋಗಿ ಕಿಟಕಿಯ ಬಳಿ ಕೂತು ಬಂದೆ. ಚಿತ್ರ ಸಿದ್ಧವಾಯಿತು. ಅಚ್ಚಿನ ಮನೆಯವರಿಗೆ ಕಣ್ಣು ಮಾಡಿ ಪಾಲಿಶ್ ಕೊಡಲು ಹಿಡಿಯುವ ಸಮಯ ಲೆಕ್ಕ ಹಾಕಿದರೆ, ಶುಕ್ರವಾರ ಸಂಜೆಯೊಳಗೆ ಫೈಲು ಹೋಗಲೇಬೇಕು. ಅದೇ ವಾರ ಇನ್ನಾಸಪ್ಪನವರ ಸರ್ಟಿಫಿಕೇಟೂ ಮುಗಿದಿತ್ತು. ಶುಕ್ರವಾರ ಬೆಳಿಗ್ಗೆ ಬಂದು ಹೇಳಿ ಹೋಗಿ, ಆಮೇಲೆ ಕಳಿಸಿ ಎಂದೆ.

ಅವರು ಮದುವೆಯ ಕೋಟು ಹಾಕಿಕೊಂಡು ಬಂದರು. ಹಿಂದೆ ಎರಡು ಮೆಟ್ಟಿಲು ಮೇಲೆ ಲೂರ್ದಮ್ಮ ಕೊಡೆ ಹಿಡಿದುಕೊಂಡು ನಿಂತಿದ್ದರು. ಇನ್ನಾಸಪ್ಪ ಗಂಟಲು ಸರಿಮಾಡಿಕೊಂಡು ನೀರಿನ ಕಡೆ ಬಗ್ಗಿದರು.

“ನಾನು ಇನ್ನಾಸಪ್ಪ. ಕಣ್ಣು ಬರೆಯೋನು.”

ನೀರಿನಲ್ಲಿ ಮೊದಲು ಮೋಡ ಕಾಣಿಸಿತು. ಆಮೇಲೆ ನಿಧಾನವಾಗಿ ಒಂದು ಕೊಡೆ ಮೂಡಿತು. ಕೊಡೆಯ ಕೆಳಗೆ ಲೂರ್ದಮ್ಮನ ಮುಖ. ಇನ್ನಾಸಪ್ಪ ನಿಂತಿದ್ದ ಜಾಗದಲ್ಲಿ ಏನೂ ಇರಲಿಲ್ಲ.

“ಮೋಡ ಜಾಸ್ತಿ ಇವತ್ತು,” ಎಂದರು ಇನ್ನಾಸಪ್ಪ. ಕೋಟಿನ ಗುಂಡಿ ಹಾಕಿಕೊಂಡು ಇನ್ನೂ ಗಟ್ಟಿಯಾಗಿ ಹೇಳಿದರು. ಕೊಡೆ ಇನ್ನೂ ಸ್ಪಷ್ಟವಾಯಿತು.

“ಸಾಕು ಬಿಡ್ರೀ,” ಎಂದರು ಲೂರ್ದಮ್ಮ ಮೇಲಿನಿಂದ, ಮೆಲ್ಲಗೆ.

ನಾನು ಇನ್ನಾಸಪ್ಪನವರ ಕೈ ನೋಡಿದೆ. ಜೇಬಿನೊಳಗೆ ಇಟ್ಟುಕೊಂಡಿದ್ದರು. ಜೇಬು ನಡುಗುತ್ತಿತ್ತು. ಕಿಟಕಿಯ ಬಳಿ ನಾನು ಕೂತಾಗ ಇನ್ನಾಸಪ್ಪ ನನ್ನನ್ನೇ ನೋಡುತ್ತಾ ಮಾತಾಡುತ್ತಿದ್ದದ್ದು, ಕುಂಚದ ಸದ್ದು ಮಾತ್ರ ಪರದೆಯ ಹಿಂದಿನಿಂದ ಬರುತ್ತಿದ್ದದ್ದು, ಲೂರ್ದಮ್ಮ ಆಗಾಗ ಹತ್ತಿರ ಬಂದು ನನ್ನ ಕಣ್ಣು ನೋಡಿ ಹೋಗುತ್ತಿದ್ದದ್ದು ನೆನಪಾಯಿತು. ಗಂಡನಿಗೆ ಬಣ್ಣ ಕಲೆಸಿಕೊಡುತ್ತಿದ್ದಾರೆ ಎಂದುಕೊಂಡಿದ್ದೆ.

“ಮಾಲಾ,” ಎಂದರು ಇನ್ನಾಸಪ್ಪ, ತಗ್ಗಿದ ದನಿಯಲ್ಲಿ. ಚಿಕ್ಕವಳಿದ್ದಾಗ ಕರೆಯುತ್ತಿದ್ದ ಹಾಗೆಯೇ. “ನಿನ್ ಕಣ್ಣೇ ಅಲ್ವೇನಮ್ಮ ಹೋಗ್ಬೇಕಾಗಿರೋದು? ಬೇರೆ ಯಾರದ್ದೋ ಅಲ್ಲ. ಒತ್ಬಿಡು. ಇಲ್ಲಿ ನಾವು ಮೂರು ಜನ ಬಿಟ್ರೆ ಯಾರಿದಾರೆ?”

ಸುಳ್ಳು ಯಾಕೆ ಹೇಳಲಿ, ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಿದರೆ ಮಂಜು ಏಳುತ್ತದೆ, ನನ್ನ ಕಣ್ಣು ಅದರೊಳಗೆ ಕ್ಷೇಮವಾಗಿ ದಾಟುತ್ತದೆ, ಹುಣ್ಣಿಮೆಗೆ ನಾನು ಎರಡು ಕಣ್ಣಿಟ್ಟುಕೊಂಡು ನಿಲ್ಲುತ್ತೇನೆ. ನಿಂತು, ಕಣ್ಣಾರೆ ಕಂಡದ್ದಕ್ಕಷ್ಟೇ ಒತ್ತಿದ್ದೇನೆ ಎನ್ನುತ್ತೇನೆ. ಆಗ ನೀರಿನಲ್ಲಿ ಬರೀ ಆಕಾಶ. ಬೆರಳು ತೆಗೆದೆ.

“ಇನ್ನಾಸಪ್ಪನೋರೇ, ನಿಜ ಹೇಳಿದ್ರೆ ಸಾಕಲ್ಲ. ಲೂರ್ದಮ್ಮ ಬರೀತಾರೆ ಅನ್ನಿ. ಅವರ ಹೆಸರಲ್ಲಿ ಕೊಡ್ತೀನಿ.”

“ಅಂದ್ರೆ? ನಾನೇನು ಇನ್ಮೇಲೆ ಅಂಗಡೀಲಿ ಬೋರ್ಡ್ ಒರೆಸ್ಕೊಂಡು ಕೂತಿರ್ಲಾ?” ಅವರ ಮುಖ ಕೆಂಪಾಯಿತು. “ನಮ್ಮಪ್ಪನ ಕಾಲದಿಂದ ಈ ಮನೇಲಿ ಕಣ್ಣು ಬರೆದಿರೋದು ಗಂಡಸ್ರು. ಬೇಕಾದ್ರೆ ಅಂಗಡಿ ಮುಚ್ತೀನಿ. ಈ ಮಾತು ಮಾತ್ರ ನನ್ ಬಾಯಲ್ಲಿ ಬರಲ್ಲ.” ಅಂದವರೇ ದಡದಡನೆ ಮೆಟ್ಟಿಲು ಹತ್ತಿ ಹೋಗಿಬಿಟ್ಟರು. ಹೋಗುವಾಗ ಕೊಡೆಯನ್ನು ಸಹ ದಾಟಿಕೊಂಡು ಹೋದರು, ಹೆಂಡತಿಯ ಕಡೆ ನೋಡಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಅವರ ಮನೆಗೆ ಹೋದೆ. ಇನ್ನಾಸಪ್ಪ ಒಳಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಲೂರ್ದಮ್ಮ ನನಗೆ ಸಾರು ಅನ್ನ ಬಡಿಸಿ, ಎದುರಿಗೆ ಮಣೆ ಹಾಕಿಕೊಂಡು ಕೂತರು. ನಾಲ್ಕು ವರ್ಷದಿಂದ ಅವರೇ ಬರೆಯುತ್ತಿದ್ದಾರಂತೆ. ಮೊದಮೊದಲು ಗಂಡ ಪಕ್ಕದಲ್ಲಿ ಕೂತು ‘ಸ್ವಲ್ಪ ಕಂದು ಹಾಕು, ಅಂಚಲ್ಲಿ ನೀಲಿ ಮುಟ್ಟಿಸು’ ಎನ್ನುತ್ತಿದ್ದರು. ಈಗ ಅದನ್ನೂ ಹೇಳುವುದಿಲ್ಲ, ಸುಮ್ಮನೆ ಕೂತಿರುತ್ತಾರೆ. ಇಷ್ಟು ವರ್ಷ ನೆರಳು ಹೇಗೆ ಮೂಡಿತು ಎಂದು ಕೇಳಿದೆ.

“ಹೋದ್ ವರ್ಷದ ತನಕ ವರ್ಷಕ್ಕೊಂದಾದ್ರೂ ಅವರ ಕೈಯಲ್ಲೇ ಆಗ್ತಿತ್ತು. ಒಂದಾದ್ರೂ ಆಗ್ತಿತ್ತಲ್ಲ, ಅದಕ್ಕೇ ಕೆರೆ ಒಪ್ಕೊಂಡಿರ್ಬೇಕು. ಈ ವರ್ಷ ಒಂದೂ ಆಗಿಲ್ಲ.”

“ಹಾಗಾದ್ರೆ ನೀವೇ ಬಂದು ಹೇಳಿ, ಲೂರ್ದಮ್ಮ.”

“ಅವರು ಹೇಳ್ದೆ ನಾನು ಹೇಳಲ್ಲ ಮಾಲಾ. ಕೈ ಅಂತೂ ಹೋಯ್ತು. ಹೆಸರೂ ನಾನೇ ಕಿತ್ಕೊಂಡ್ರೆ ಆ ಮನುಷ್ಯನ ಹತ್ರ ಏನಿರುತ್ತೆ?” ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. ಆಮೇಲೆ ನನ್ನ ಕನ್ನಡಕದ ಕಡೆ ನೋಡಿ ಅತ್ತುಬಿಟ್ಟರು. “ನಿನ್ನನ್ನ ಹೀಗೆ ಸಿಕ್ಕಿಸಿಬಿಟ್ವಲ್ಲ,” ಎಂದರು.

ನನಗೆ ಸಿಟ್ಟು ಬಂತು. ಇನ್ನಾಸಪ್ಪನ ಮೇಲೆ, ಅವರ ಕೋಟಿನ ಮೇಲೆ, ನನ್ನ ಮೇಲೆಯೇ ಸಿಟ್ಟು. ಊರಿನವರಿಗೆಲ್ಲ ಮೆಟ್ಟಿಲಿಗೆ ಇಳಿದು ನಿಜ ಹೇಳಿ ಎಂದು ಗದರಿಸುವವಳು ನಾನು. ಒಬ್ಬ ಮುದುಕ ನಡುಗುವ ಕೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದಾನೆ, ನಾನು ಖಾಲಿ ಗುಳಿಯನ್ನು ಕನ್ನಡಕದ ಹಿಂದೆ ಇಟ್ಟುಕೊಂಡಿದ್ದೇನೆ. ಅವರಿಗೂ ನನಗೂ ಏನು ವ್ಯತ್ಯಾಸ? ಸಾಕಾಗಿಹೋಯಿತು. ಕೈ ತೊಳೆದುಕೊಂಡು ಬಂದು ಕೇಳಿದೆ.

“ಚಿತ್ರ ಕಂಪ್ಯೂಟರಿಗೆ ಹಾಕಿದೀರಾ?”

“ಹಾಕಿದೀನಿ.”

“ಹಾಗೇ ಕಳಿಸಿ. ಸರ್ಟಿಫಿಕೇಟ್ ಬೇಡ.”

“ಮಾಲಾ! ಇಡೀ ಊರು ಮೆಟ್ಟಿಲ ಮೇಲಿರುತ್ತೆ ಈಗ. ನಿನ್ ಹೆಸರು ಬೇರೆ ಇದೆ ಅದ್ರಲ್ಲಿ.”

“ಇರ್ಲಿ. ಹುಣ್ಣಿಮೆ ದಿವಸ ಖಾಲಿ ಗುಳಿ ತೋರ್ಸೋ ಬದ್ಲು ಇವತ್ತೇ ಕಣ್ಣು ತೋರಿಸ್ತೀನಿ. ನೀವು ಬರೆದಿರೋ ಕಣ್ಣು ತಾನೇ, ನಾಚಿಕೆ ಏನು ಅದಕ್ಕೆ?” ಎಂದೆ. ಅಚ್ಚಿನ ಮನೆಗೆ ಫೋನು ಮಾಡಿ, ಸರ್ಟಿಫಿಕೇಟಿಲ್ಲದೆ ಬಯಲಿನಲ್ಲೇ ಒಂದು ಫೈಲು ಬರುತ್ತದೆ, ಅದು ನನ್ನದೇ, ಈ ದನಿ ನಿಮಗೆ ಗೊತ್ತಲ್ಲ, ನಂಬಿ ತೆಗೆದುಕೊಳ್ಳಿ ಎಂದೆ.  ಅಚ್ಚಿನ ಮನೆಯವರು ಆಗಲಿ ಅಕ್ಕ ಎಂದರು. ಲೂರ್ದಮ್ಮ ಶಿಲುಬೆಯ ಗುರುತು ಮಾಡಿಕೊಂಡು ಕಳಿಸುವ ಗುಂಡಿ ಒತ್ತಿದರು. ಒಳಕೋಣೆಯ ಬಾಗಿಲು ತೆರೆದ ಸದ್ದು ಕೇಳಿಸಿತು, ನಾನು ತಿರುಗಿ ನೋಡಲಿಲ್ಲ.

ನಾನು ಏರಿಗೆ ಬರುವ ಹೊತ್ತಿಗೆ ಕೆರೆ ಶಾಂತವಾಗಿತ್ತು. ಸಂಜೆಯ ಬಿಸಿಲು ಹಳದಿಯಾಗಿ ನೀರಿನ ಮೇಲೆ ಬಿದ್ದಿತ್ತು. ಮೆಟ್ಟಿಲುಗಳ ತುಂಬ ಜನ. ಮೊದಲು ತಾವರೆ ಎಲೆಗಳ ಆಚೆ ಒಂದು ಬಿಳುಪು ಕಾಣಿಸಿಕೊಂಡಿತು, ಆಮೇಲೆ ಅದರ ಸುತ್ತ ರೆಪ್ಪೆಯ ಗೆರೆಯ ಹಾಗೆ ಒಂದು ಅಂಚು. ನೋಡುತ್ತಿದ್ದ ಹಾಗೆ ಆ ದಂಡೆಯಿಂದ ಈ ದಂಡೆಯ ತನಕ ಒಂದು ಕಣ್ಣು ತೆರೆದುಕೊಂಡಿತು. ಬಟ್ಟೆ ಒಗೆಯುವ ಸದ್ದು ನಿಂತುಹೋಯಿತು. ಕಂದು ಬಣ್ಣದೊಳಗೆ ಇನ್ನೊಂದು ಕಂದು, ಅದರೊಳಗೆ ಜೇನಿನ ಬಣ್ಣದ ಎಳೆಗಳು, ನಡುವೆ ಕಪ್ಪು ಪಾಪೆ. ಪಾಪೆಯ ಮೇಲೆ ಒಂದು ಕೊಕ್ಕರೆ ನಿಂತು ಮೀನು ಕಾಯುತ್ತಿತ್ತು. ನನ್ನ ಬಲಗಣ್ಣಿನ ಅಂಚಿನಲ್ಲಿ ಒಂದು ಸಾಸಿವೆಯಷ್ಟು ಕಲೆ ಇದೆ, ಕನ್ನಡಿಯಲ್ಲಿ ಹುಡುಕಿದರೆ ಮಾತ್ರ ನನಗೆ ಸಿಗುತ್ತದೆ. ಅದೂ ಅಲ್ಲಿತ್ತು, ದೋಣಿ ಕಟ್ಟುವ ಕಲ್ಲಿನ ಪಕ್ಕದಲ್ಲಿ. ಇಷ್ಟು ಚೆನ್ನಾಗಿ ನನ್ನನ್ನು ಯಾರೂ ನೋಡಿರಲಿಲ್ಲ ಅನ್ನಿಸಿ ಎದೆ ತುಂಬಿ ಬಂತು. ಕೆಳಗೆ ಅಕ್ಷರಗಳು ತೇಲುತ್ತಿದ್ದವು: ವನಮಾಲಾ, ಎಡಗಣ್ಣು.

ಜನ ಅದನ್ನು ಓದಿ ನನ್ನ ಕಡೆ ತಿರುಗಿದರು. ವರ್ತಕರ ಸಂಘದ ಅಧ್ಯಕ್ಷರಾದ ಬೆಲ್ಲದ ಮಂಡಿಯ ಚಂದ್ರಯ್ಯ ಶೆಟ್ಟರು ಕಡಲೆಕಾಯಿ ಪೊಟ್ಟಣ ಕೆಳಗಿಟ್ಟು ಎದ್ದು ನಿಂತರು.

“ಏನ್ ಮಾಲಕ್ಕ ಇದು? ಹಾಗಾದ್ರೆ ನಮ್ ಸರ್ಟಿಫಿಕೇಟ್ ಕತೆ?”

“ಏನಾಗಿದೆ ಅದಕ್ಕೆ? ನಿಮ್ಮ ಮಂಡಿಯಿಂದ ಈಗ ಫೈಲ್ ಹೋಯ್ತಲ್ಲ, ನೀರಲ್ಲಿ ಏನಾದ್ರೂ ಓದೋಕೆ ಸಿಕ್ತಾ ಶೆಟ್ರೇ?”

ಶೆಟ್ಟರು ಕಣ್ಣು ಕಿರಿದು ಮಾಡಿ ನೋಡಿದರು. ದೊಡ್ಡ ಕಣ್ಣಿನ ಮೂಲೆಯಲ್ಲಿ ಒಂದಿಷ್ಟು ಮಂಜು ಏಳುತ್ತಾ ಆ ದಂಡೆಗೆ ಹೋಗುತ್ತಿತ್ತು. ಅಕ್ಷರ ಇರಲಿಲ್ಲ.

“ಇಲ್ಲ,” ಎಂದರು.

“ಮತ್ತೆ ಕೂತ್ಕೊಳ್ಳಿ.”

ಅವರು ಕೂತರು. ಪೊಟ್ಟಣ ತೆಗೆದುಕೊಂಡು ಮತ್ತೆ ಕಣ್ಣಿನ ಕಡೆ ನೋಡಿದರು. “ಆದ್ರೂ ಎಂಥಾ ಕಣ್ರೀ ಇದು! ಜೀವ ಇರೋ ಹಾಗಿದೆ,” ಎಂದರು. ಅಷ್ಟರಲ್ಲಿ ಯಾರೋ ಏರಿಯ ಮೇಲೆ ಇನ್ನಾಸಪ್ಪನವರನ್ನು ಕಂಡರು. ಮದುವೆಯ ಕೋಟು ಇರಲಿಲ್ಲ, ಮನೆಯ ಅಂಗಿಯಲ್ಲೇ ಬಂದುಬಿಟ್ಟಿದ್ದರು. ಹಿಂದೆ ಲೂರ್ದಮ್ಮ. “ಇನ್ನಾಸಪ್ಪನೋರೇ, ಏನ್ ಕೈ ನಿಮ್ದು! ಈ ವಯಸ್ಸಲ್ಲಿ ಹೀಗೆ ಬರೀತೀರಲ್ಲ!” ಎಂದು ಒಬ್ಬರು ಕೂಗಿದರು. ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಮೆಟ್ಟಿಲುಗಳೆಲ್ಲ ತಟ್ಟಿದವು.

ಇನ್ನಾಸಪ್ಪ ಆ ಚಪ್ಪಾಳೆಯ ನಡುವೆ ನೀರನ್ನೇ ನೋಡುತ್ತಾ ನಿಂತರು. ಇಷ್ಟು ದೊಡ್ಡದಾಗಿ ಅವರೂ ಹೆಂಡತಿಯ ಕೆಲಸ ನೋಡಿರಲಿಲ್ಲ. ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಜನ ದಾರಿ ಬಿಟ್ಟರು. ನಾನು ಚೀಲದಿಂದ ಲ್ಯಾಪ್‌ಟಾಪು ತೆಗೆದುಕೊಂಡು ಅವರ ಪಕ್ಕಕ್ಕೆ ಇಳಿದೆ. ಕೊನೆಯ ಮೆಟ್ಟಿಲಲ್ಲಿ ಅವರು ತಿರುಗಿ, “ಲೂರ್ದು, ಬಾ,” ಎಂದರು. ಲೂರ್ದಮ್ಮ ಕೊಡೆ ಮಡಚಿಕೊಂಡು ಬಂದು ನಿಂತರು. ಇನ್ನಾಸಪ್ಪ ಜೇಬಿನಿಂದ ಎರಡೂ ಕೈ ಹೊರಗೆ ತೆಗೆದರು. ಎಲ್ಲರಿಗೂ ಕಾಣುವ ಹಾಗೆ ಅವು ನಡುಗುತ್ತಿದ್ದವು.

“ನಾನು ಇನ್ನಾಸಪ್ಪ,” ಎಂದರು ನೀರಿಗೆ. “ನನ್ ಕೈಲಿ ಈಗ ಆಗಲ್ಲ. ಕಣ್ಣು ಬರೆಯೋಳು ಇವಳು. ನಾನು ಪಕ್ಕದಲ್ಲಿ ಕೂತಿರ್ತೀನಿ.”

 ಬಿಸಿಲು ಆಗಲೇ ಹೋಗಿತ್ತು. ನಾನು ನೀರಿಗೆ ಬಗ್ಗಿದೆ, ಕರಿ ಕನ್ನಡಕದಲ್ಲಿ ಏನೂ ಸರಿಯಾಗಿ ಕಾಣಲಿಲ್ಲ. ಊಹೆಯ ಮೇಲೆ ಒತ್ತುವ ಹಾಗಿಲ್ಲ. ಹಾಗಾಗಿ ಅಷ್ಟು ಜನರ ಎದುರಿಗೆ ಕನ್ನಡಕ ತೆಗೆದು ಮೆಟ್ಟಿಲ ಮೇಲಿಟ್ಟೆ, ಖಾಲಿ ಗುಳಿಗೆ ಕೆರೆಯ ಗಾಳಿ ತಣ್ಣಗೆ ತಗುಲಿತು. ಇನ್ನೊಮ್ಮೆ ಬಗ್ಗಿ ನೋಡಿದೆ. ನೀರಿನಲ್ಲಿ ನನ್ನ ಕಣ್ಣಿನ ಪಾಪೆಯೊಳಗೆ ಇಬ್ಬರು ನಿಂತಿದ್ದರು, ಒಬ್ಬರ ಕೈಯಲ್ಲಿ ಮಡಚಿದ ಕೊಡೆ.

ಲೂರ್ದಮ್ಮನ ಹೆಸರಿಗೆ ಗುಂಡಿ ಒತ್ತಿದೆ. ಮಂಜು ಎದ್ದಿತು, ಕೆರೆಯ ಮೇಲಿನ ಕಣ್ಣು ನಿಧಾನವಾಗಿ ಮುಚ್ಚಿಕೊಂಡು ಆ ದಂಡೆಗೆ ಹೋಯಿತು.